ನಿಮಗಿದು ಗೊತ್ತೇ? ಉಟ್ಟು ಬಿಟ್ಟ ಬಟ್ಟೆ ಎಲ್ಲಿಗೆ ಹೋಗುತ್ತದೆ?

● ನಿಮ್ಮ ಜೇಬಿನಲ್ಲಿರುವ ನೋಟು ಹತ್ತಿಯಿಂದ ಮಾಡಿದ್ದು. ರಿಸರ್ವ್ ಬ್ಯಾಂಕಿನ ನೋಟುಗಳಿಗೆ ಬಳಸುವುದು ನೂರಕ್ಕೆ ನೂರು ಹತ್ತಿಯ ಕಾಗದ. ಗಿರಣಿಯಲ್ಲಿ ಹತ್ತಿ ಬಾಚುವಾಗ ನೂಲಿಗೆ ಒದಗದೆ ಉಳಿಯುವ ಗಿಡ್ಡ ಎಳೆಗಳು ಇದಕ್ಕೆ ಕಚ್ಚಾ ಸಾಮಗ್ರಿ. ಆ ಕಾಗದ ತಯಾರಿಸುವ ಕಾರ್ಖಾನೆಯೊಂದು ನಮ್ಮ ಮೈಸೂರಿನಲ್ಲೇ ಇದೆ. ಅಂಗಿಯ ಜೊತೆ ಮರೆತು ಒಗೆದುಬಿಟ್ಟ ನೋಟು ಚಿಂದಿಯಾಗದೆ ಉಳಿಯುವುದರ ಗುಟ್ಟು ಇದು.

● ಮರದ ತಿರುಳಿನಿಂದ ಕಾಗದ ಮಾಡುವುದು ತೀರಾ ಈಚಿನ ವಿದ್ಯೆ. ಕ್ರಿ.ಶ. 105ರಲ್ಲಿ ಚೀನಾದ ಆಸ್ಥಾನದಲ್ಲಿದ್ದ ಚಾಯ್ ಲುನ್ ಕಾಗದಕ್ಕೆ ಹಾಕಿದ್ದು ಮರದ ತೊಗಟೆ, ಹಳೆಯ ಮೀನುಬಲೆ ಮತ್ತು ಚಿಂದಿ ಬಟ್ಟೆ. ಯುರೋಪಿನಲ್ಲೂ 19ನೇ ಶತಮಾನದವರೆಗೆ ಪುಸ್ತಕಗಳು ಅಚ್ಚಾಗುತ್ತಿದ್ದುದು ಚಿಂದಿಯಿಂದ ಮಾಡಿದ ಕಾಗದದ ಮೇಲೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ ಇವತ್ತಿಗೂ ಹತ್ತಿ ಬಟ್ಟೆಯ ತುಂಡುಗಳಿಂದಲೇ ಕೈಕಾಗದ ಮಾಡುತ್ತಾರೆ. ಮದುವೆಯ ಕರೆಯೋಲೆಯಾಗಿ ಅದು ನಿಮ್ಮ ಮನೆಗೂ ಬಂದಿರಬಹುದು.

● ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 9.2 ಕೋಟಿ ಟನ್ ಬಟ್ಟೆ ಕಸವಾಗುತ್ತಿದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕ. ಒಂದೊಂದು ಸೆಕೆಂಡಿಗೆ ಒಂದೊಂದು ಕಸದ ಲಾರಿ ತುಂಬುವಷ್ಟು ಬಟ್ಟೆ ಮಣ್ಣಿಗೋ ಬೆಂಕಿಗೋ ಹೋಗುತ್ತಿದೆ ಎಂದು ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ಹೇಳಿತು. ಅದೇ ವರದಿಯ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಉಡುಪಿಗೆಂದು ಬಳಸಿದ ಸಾಮಗ್ರಿಯಲ್ಲಿ ಮತ್ತೆ ಹೊಸ ಉಡುಪಾಗುವುದು ಶೇ 1ಕ್ಕಿಂತ ಕಡಿಮೆ. ಅಂಗಡಿಯಲ್ಲಿ ‘ಮರುಬಳಕೆಯ ಬಟ್ಟೆ’ ಎಂಬ ಹಸಿರು ಚೀಟಿ ಕಂಡಾಗ ಈ ಸಂಖ್ಯೆ ನೆನಪಿರಲಿ.

● ಹಳೆ ಬಟ್ಟೆ ಹಿಂಜಿ ಹೊಸ ನೂಲು ತೆಗೆಯುವ ಉದ್ಯಮಕ್ಕೆ 200 ವರ್ಷ ದಾಟಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ ಎಂಬಾತ 1813ರಲ್ಲಿ ಹಳೆ ಉಣ್ಣೆ ಬಟ್ಟೆಯನ್ನು ಹರಿದು, ಹಿಂಜಿ, ಸ್ವಲ್ಪ ಹೊಸ ಉಣ್ಣೆ ಸೇರಿಸಿ ನೂಲು ಮಾಡಿದ. ನೆಪೋಲಿಯನ್ ಯುದ್ಧಗಳ ಕಾಲ ಅದು. ಸೈನಿಕರಿಗೆ ಬಟ್ಟೆ ಬೇಕಿತ್ತು, ಉಣ್ಣೆ ಸಾಲುತ್ತಿರಲಿಲ್ಲ. ಆ ನೂಲಿಗೆ ‘ಶಾಡಿ’ ಎಂದು ಹೆಸರಾಯಿತು. ಮೊನೆಹಲ್ಲಿನ ಉರುಳೆಯಿಂದ ಚಿಂದಿ ಹರಿಯುವ ಯಂತ್ರವನ್ನು ಅಲ್ಲಿನ ಕಾರ್ಮಿಕರು ‘ಡೆವಿಲ್’, ಅಂದರೆ ದೆವ್ವ ಎಂದೇ ಕರೆಯುತ್ತಿದ್ದರು.

● ಆ ಯಂತ್ರದಡಿ ಉದುರಿದ ಉಣ್ಣೆಯ ಧೂಳನ್ನೂ ಯಾರ್ಕ್‌ಷೈರ್ ಜನ ಬಿಡಲಿಲ್ಲ. ಉಣ್ಣೆಯಲ್ಲಿ ಸಾರಜನಕ ಹೆಚ್ಚು. ರೂಬಾರ್ಬ್ ಎಂಬ ತರಕಾರಿ ಬೆಳೆಯುವ ಹೊಲಗಳಿಗೆ ಅದೇ ಗೊಬ್ಬರವಾಯಿತು.

● ಬ್ಯಾಟ್ಲಿಯ ಆ ಕಸುಬಿಗೆ ಇಂದು ಜಗತ್ತಿನಲ್ಲೇ ದೊಡ್ಡ ಕೇಂದ್ರ ಹರಿಯಾಣದ ಪಾಣಿಪತ್. ಮೂರು ಯುದ್ಧಗಳ ಊರೆಂದು ಶಾಲೆಯಲ್ಲಿ ಓದಿದ ಪಾಣಿಪತ್ತೇ. ಅಮೆರಿಕ, ಯುರೋಪಿನ ಜನ ದಾನದ ಡಬ್ಬಕ್ಕೆ ಹಾಕಿದ ಸ್ವೆಟರು, ಕೋಟು, ಜೀನ್ಸ್‌ಗಳು ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ಇಳಿದು ಲಾರಿ ಹತ್ತಿ ಇಲ್ಲಿಗೆ ಬರುತ್ತವೆ. ಉಟ್ಟ ಬಟ್ಟೆಯನ್ನು ಉಡುವುದಕ್ಕೆಂದೇ ತರಿಸಲು ನಮ್ಮಲ್ಲಿ ಪರವಾನಗಿ ಬೇಕು. ಆದ್ದರಿಂದ ನೂಲಿಗೆಂದು ಬರುವ ಬಟ್ಟೆಯನ್ನು ಮತ್ತೆ ತೊಡಲಾಗದಂತೆ ಮೊದಲೇ ಅಡ್ಡಡ್ಡ ಸೀಳಿರಬೇಕು ಎಂಬುದು ನಿಯಮ.

ಅಲ್ಲಿನ ಕಾರ್ಖಾನೆಗಳ ಒಳಗಿನ ಕೆಲಸ ನೋಡಬೇಕು. ಆಳೆತ್ತರದ ಬಟ್ಟೆ ರಾಶಿಯ ನಡುವೆ ಹೆಂಗಸರು ನೆಲದ ಮೇಲೆ ಕುಳಿತಿರುತ್ತಾರೆ. ಎದುರಿಗೆ ನಮ್ಮ ಈಳಿಗೆಮಣೆಯಂತೆ ನೆಟ್ಟಗೆ ನಿಂತ ಅಲಗು. ಎರಡೂ ಕೈಯಲ್ಲಿ ಕೋಟು ಹಿಡಿದು ಅಲಗಿನ ಮೇಲೆ ಎಳೆದರೆ ಒಳಪದರ ಬೇರೆ, ಹೊರಬಟ್ಟೆ ಬೇರೆ. ಗುಂಡಿ, ಜಿಪ್ಪು, ಬ್ರ್ಯಾಂಡಿನ ಚೀಟಿ ಎಲ್ಲ ಕತ್ತರಿಸಿ ಪಕ್ಕಕ್ಕೆ ಹಾಕುತ್ತಾರೆ. ಗುಂಡಿಗೂ ಜಿಪ್ಪಿಗೂ ಬೇರೆ ವ್ಯಾಪಾರಿಗಳಿದ್ದಾರೆ. ಆಮೇಲೆ ಬಣ್ಣದ ವಿಂಗಡಣೆ. ಕೆಂಪೆಂದರೆ ಒಂದೇ ಕೆಂಪಲ್ಲ. ಇಟ್ಟಿಗೆ ಕೆಂಪು, ದಾಳಿಂಬೆ ಕೆಂಪು, ಕುಂಕುಮ ಕೆಂಪು ಬೇರೆ ಬೇರೆ ರಾಶಿಗೆ ಹೋಗಬೇಕು. ಯಾಕೆಂದರೆ ಈ ನೂಲಿಗೆ ಮತ್ತೆ ಬಣ್ಣ ಹಾಕುವುದಿಲ್ಲ. ಹಳೆ ಬಟ್ಟೆಯ ಬಣ್ಣವೇ ಹೊಸ ಕಂಬಳಿಯ ಬಣ್ಣ. ಬಣ್ಣದ ತೊಟ್ಟಿಯೂ ಬೇಡ, ಅದರ ಕೊಳಚೆ ನೀರೂ ಇಲ್ಲ. ಮರುಬಳಕೆಯ ನಿಜವಾದ ಲಾಭ ಇರುವುದು ಇಲ್ಲಿ. ಅದನ್ನು ಸಾಧಿಸಿಕೊಡುವುದು ಆ ಹೆಂಗಸರ ಕಣ್ಣು. ಅವರಿಗೆ ಸಿಗುವುದು ದಿನಗೂಲಿ. ಮೂಗಿಗೆ ಅಡರುವ ಧೂಳಿಗೆ ಸೆರಗೇ ಅಡ್ಡ.

● ಪಾಣಿಪತ್ತಿನ ಈ ಕೆಲಸಗಾರ್ತಿಯರ ಬಗ್ಗೆ ಮೇಘನಾ ಗುಪ್ತಾ 2012ರಲ್ಲಿ ‘ಅನ್‌ರಾವೆಲ್’ ಎಂಬ ಕಿರುಚಿತ್ರ ಮಾಡಿದರು. ಹರಿಯದ, ಮಾಸದ ಬಟ್ಟೆಯನ್ನು ಹೊರದೇಶದವರು ಯಾಕೆ ಎಸೆಯುತ್ತಾರೆ ಎಂದು ಅದರಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ. ಪಾಪ, ಅಲ್ಲಿ ನೀರು ತುಟ್ಟಿಯಿರಬೇಕು, ಒಗೆಯುವುದಕ್ಕಿಂತ ಹೊಸದು ಕೊಳ್ಳುವುದೇ ಅಗ್ಗವಿರಬೇಕು ಎಂದು ಊಹಿಸುತ್ತಾರೆ. ಬರೇ ಬೇಸರಕ್ಕೆ ಬಟ್ಟೆ ಎಸೆಯುವವರು ಇರಬಹುದೆಂದು ಅವರಿಗೆ ತೋಚುವುದೇ ಇಲ್ಲ.

● ಭೂಕಂಪ, ಪ್ರವಾಹವಾದಲ್ಲೆಲ್ಲ ಪರಿಹಾರ ಸಂಸ್ಥೆಗಳು ಹಂಚುವ ಬೂದು ಬಣ್ಣದ ಒರಟು ಕಂಬಳಿಗಳನ್ನು ವರ್ಷಗಟ್ಟಲೆ ಒದಗಿಸಿದ್ದು ಪಾಣಿಪತ್. ಈಗ ಅಗ್ಗದ ಪಾಲಿಯೆಸ್ಟರ್ ಕಂಬಳಿಗಳು ಆ ಮಾರುಕಟ್ಟೆಯನ್ನು ಬಹುಪಾಲು ಕಸಿದುಕೊಂಡಿವೆ. ಅಲ್ಲಿನ ಹಲವು ಕಾರ್ಖಾನೆಗಳೂ ಪಾಲಿಯೆಸ್ಟರಿಗೆ ಹೊರಳಿವೆ.

● ಇಟಲಿಯ ಪ್ರಾಟೋ ಊರಿನಲ್ಲೂ 19ನೇ ಶತಮಾನದಿಂದ ಇದೇ ಕಸುಬು. ಚಿಂದಿ ವಿಂಗಡಿಸುವವರಿಗೆ ಅಲ್ಲಿ ‘ಚೆಂಚಾಯೋಲಿ’ ಎಂದು ಹೆಸರು. ಇದು ಕುರಿಯ ಉಣ್ಣೆಯೋ, ಕಾಶ್ಮೀರಿ ಮೇಕೆಯದೋ, ಬೆರಕೆಯೋ ಎಂಬುದನ್ನು ಬೆರಳಲ್ಲಿ ಉಜ್ಜಿಯೇ ಹೇಳಬಲ್ಲವರು.

● ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಹಿಂಜಿ ನೂಲಾಗಿಸುತ್ತಾ ಇರಬಹುದೇ? ಆಗದು. ಒಳ್ಳೆಯ ಹತ್ತಿಯ ಎಳೆ ಸುಮಾರು 28ರಿಂದ 30 ಮಿಲಿಮೀಟರ್ ಉದ್ದ. ಯಂತ್ರದ ಹಲ್ಲಿಗೆ ಸಿಕ್ಕಿ ಹರಿದಾಗ ಅದು ಅರ್ಧಕ್ಕೂ ಇಳಿಯಬಹುದು. ಗಿಡ್ಡ ಎಳೆ ಒಂದನ್ನೊಂದು ಗಟ್ಟಿಯಾಗಿ ಹಿಡಿಯುವುದಿಲ್ಲ, ನೂಲು ದಪ್ಪವಾಗುತ್ತದೆ, ಬೇಗ ಕಡಿಯುತ್ತದೆ. ಹೀಗಾಗಿ ಹೊಸ ಹತ್ತಿಯನ್ನೋ ಪಾಲಿಯೆಸ್ಟರನ್ನೋ ಬೆರೆಸಲೇಬೇಕು. ಅಂಗಿ ಕಂಬಳಿಯಾಗುತ್ತದೆ, ಕಂಬಳಿ ಒರೆಸುವ ಬಟ್ಟೆಯಾಗುತ್ತದೆ, ಕೊನೆಗೆ ಹಾಸಿಗೆಗೆ ತುಂಬುವ ಪುಡಿಯಾಗುತ್ತದೆ. ಇದು ಇಳಿಯುತ್ತಾ ಹೋಗುವ ಮೆಟ್ಟಿಲು.

● ತೊಟ್ಟ ಬಟ್ಟೆಗಿಂತ ಮರುಬಳಕೆಗೆ ಹೆಚ್ಚು ಅನುಕೂಲ ಯಾರೂ ತೊಡದ ಬಟ್ಟೆ. ಗಾರ್ಮೆಂಟ್ಸ್ ಕಾರ್ಖಾನೆಯ ಕಟಿಂಗ್ ಮೇಜಿನ ಮೇಲೆ ತೋಳು, ಕೊರಳು ಕತ್ತರಿಸಿದ ಮೇಲೆ ಉಳಿಯುವ ತುಂಡುಗಳು ಶುದ್ಧ. ಬಣ್ಣ ಯಾವುದು, ನೂಲು ಯಾವುದು ಎಂದು ಮೊದಲೇ ಗೊತ್ತು. ತಮಿಳುನಾಡಿನ ತಿರುಪ್ಪೂರಿನ ಬನಿಯನ್ ತುಂಡುಗಳು ಹೀಗೆಯೇ ಬಣ್ಣವಾರು ವಿಂಗಡಣೆಯಾಗಿ ಸುತ್ತಮುತ್ತಲ ಗಿರಣಿಗಳಲ್ಲಿ ಮತ್ತೆ ನೂಲಾಗುತ್ತವೆ. ನೂಲಿಗೂ ಬಾರದವು ‘ಬನಿಯನ್ ವೇಸ್ಟ್’ ಎಂಬ ಹೆಸರಲ್ಲಿ ನಿಮ್ಮ ಬೀದಿಯ ಗ್ಯಾರೇಜಿನ ಹುಡುಗ ಗ್ರೀಸು ಒರೆಸಿಕೊಳ್ಳುವ ಉಂಡೆಯಾಗುತ್ತವೆ.

● ಬಣ್ಣ ಹಾಕದ ನೂಲಿಗೆ ಎಂಥ ಬೆಲೆ ಎಂಬುದೂ ತಿರುಪ್ಪೂರಿನಿಂದಲೇ ಗೊತ್ತಾಗಬೇಕು. ಬಣ್ಣದ ಕಾರ್ಖಾನೆಗಳ ಕೊಳಚೆಯಿಂದ ನೊಯ್ಯಲ್ ನದಿ ಕೆಟ್ಟು, ಓರತ್ತುಪಾಳಯಂ ಅಣೆಕಟ್ಟೆಯ ನೀರು ಹೊಲಕ್ಕೆ ಹಾಯಿಸಲೂ ಬಾರದಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು.

● ಭಾರತದಲ್ಲಿ ವರ್ಷಕ್ಕೆ ಸೇರುವ ಬಟ್ಟೆ ತ್ಯಾಜ್ಯ ಸುಮಾರು 78 ಲಕ್ಷ ಟನ್. ಜಗತ್ತಿನ ಬಟ್ಟೆ ತ್ಯಾಜ್ಯದಲ್ಲಿ ಇದು ಶೇ 8.5. ಫ್ಯಾಷನ್ ಫಾರ್ ಗುಡ್ ಎಂಬ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜು ಇದು. ಅದರಲ್ಲಿ ಹೊರದೇಶದಿಂದ ಬಂದದ್ದು ಶೇ 7 ಮಾತ್ರ. ಶೇ 42 ನಮ್ಮ ಗಿರಣಿ, ಗಾರ್ಮೆಂಟ್ಸ್‌ಗಳ ಉಳಿಕೆ. ಉಳಿದ ಶೇ 51 ನಾವು ನೀವು ಮನೆಯಲ್ಲಿ ಉಟ್ಟು ಬಿಟ್ಟದ್ದು. ವಿದೇಶದ ಹಳಸಲು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ಬೈಯುವ ಮೊದಲು ಈ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು. ಸಮಾಧಾನದ ಸಂಗತಿಯೂ ಒಂದಿದೆ: ಈ ರಾಶಿಯಲ್ಲಿ ಶೇ 59ರಷ್ಟು ಯಾವುದೋ ರೂಪದಲ್ಲಿ ಮತ್ತೆ ಬಟ್ಟೆಯ ಲೋಕಕ್ಕೇ ಮರಳುತ್ತದೆ. ಶ್ರೀಮಂತ ದೇಶಗಳು ಈಗ ಕಾನೂನು ಮಾಡಿ ಕಟ್ಟಲು ಹೊರಟಿರುವ ವ್ಯವಸ್ಥೆಯನ್ನು ಇಲ್ಲಿ ಗುಜರಿಯವರು, ಚಿಂದಿ ಆಯುವವರು ಸದ್ದಿಲ್ಲದೆ ನಡೆಸಿಕೊಂಡು ಬಂದಿದ್ದಾರೆ.

● ಕ್ರಿಕೆಟ್ ಅಭಿಮಾನಿಗಳಿಗೆ: 2015ರ ವಿಶ್ವಕಪ್ಪಿನಲ್ಲಿ ಭಾರತ ತಂಡ ತೊಟ್ಟ ಒಂದೊಂದು ಜೊತೆ ಅಂಗಿ–ಪ್ಯಾಂಟಿಗೆ ಸರಾಸರಿ 33 ಪ್ಲಾಸ್ಟಿಕ್ ಬಾಟಲಿಗಳನ್ನು ಕರಗಿಸಿ ತೆಗೆದ ಪಾಲಿಯೆಸ್ಟರ್ ನೂಲು ಬಳಕೆಯಾಗಿತ್ತು. ರಾಜಕೀಯ ಆಸಕ್ತರಿಗೆ: 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಪ್ರಧಾನಿಗೆ ಬಾಟಲಿಯ ನೂಲಿನ ನೀಲಿ ಜಾಕೆಟ್ ಉಡುಗೊರೆ ಕೊಟ್ಟಿತು. ಎರಡೇ ದಿನದಲ್ಲಿ ಅವರು ಅದನ್ನು ತೊಟ್ಟು ಸಂಸತ್ತಿಗೆ ಬಂದರು. ಪೆಟ್ರೋಲ್ ಬಂಕ್ ಸಿಬ್ಬಂದಿಯ ಒಂದು ಜೊತೆ ಸಮವಸ್ತ್ರಕ್ಕೆ 28 ಬಾಟಲಿ ಎಂಬುದು ಆ ಸಂಸ್ಥೆಯ ಲೆಕ್ಕ.

ಒಳ್ಳೆಯದೇ. ಆದರೂ ಒಂದು ಮಾತು ಹೇಳಲೇಬೇಕು. ಬಾಟಲಿ ಮತ್ತೆ ಬಾಟಲಿಯಾಗಬಲ್ಲದು, ಹಲವು ಸಲ. ಒಮ್ಮೆ ಅಂಗಿಯಾಯಿತೆಂದರೆ ಆ ದಾರಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಅಂಗಿಯಿಂದ ಮತ್ತೆ ಅಂಗಿ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಮಾರುಕಟ್ಟೆಯ ‘ರೀಸೈಕಲ್ಡ್ ಪಾಲಿಯೆಸ್ಟರ್’ನಲ್ಲಿ ಬಹುತೇಕ ಎಲ್ಲವೂ ಬಾಟಲಿಯಿಂದ ಬಂದದ್ದು, ಹಳೆ ಬಟ್ಟೆಯಿಂದಲ್ಲ. ಬಟ್ಟೆಯ ಉದ್ಯಮ ಬೇರೆಯವರ ಕಸ ತಂದು ತನ್ನ ಹೆಸರು ತೊಳೆದುಕೊಳ್ಳುತ್ತಿದೆ. ತನ್ನದೇ ಕಸ ಹಿತ್ತಲಲ್ಲಿ ಬಿದ್ದಿದೆ.

● ಪಾಲಿಯೆಸ್ಟರ್ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ನೀರಿನೊಡನೆ ಹೋಗುತ್ತವೆ. ನೇರವಾಗಿ ಸಮುದ್ರ ಸೇರುವ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಶೇ 35 ಹೀಗೆ ಒಗೆತದಿಂದ ಬಂದದ್ದು ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2017ರಲ್ಲಿ ಅಂದಾಜಿಸಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಎವರೆಸ್ಟ್ ಪರ್ವತದ 8,440 ಮೀಟರ್ ಎತ್ತರದ ಹಿಮದಲ್ಲೂ ಇಂಥ ಎಳೆ ಕಂಡಿತು. ಆರೋಹಿಗಳ ಉಡುಪಿನದೇ ಇರಬೇಕು. ಬಾಟಲಿಯಿಂದ ಮಾಡಿದ ಅಂಗಿಯಾದರೂ ಈ ವಿಷಯದಲ್ಲಿ ರಿಯಾಯಿತಿಯಿಲ್ಲ.

● ಮರುಬಳಕೆಯ ಕಾರ್ಖಾನೆಗೆ ದೊಡ್ಡ ತಲೆನೋವು ಯಾವುದು? ನಿಮ್ಮ ಜೀನ್ಸ್‌ನಲ್ಲಿರುವ ಶೇ 2ರಷ್ಟು ಹಿಗ್ಗುವ ನೂಲು. ಎಲಾಸ್ಟೇನ್, ಸ್ಪ್ಯಾಂಡೆಕ್ಸ್, ಲೈಕ್ರಾ ಎಂದು ಚೀಟಿಯಲ್ಲಿ ಬರೆದಿರುತ್ತದಲ್ಲ, ಅದೇ. ಹಿಂಜುವ ಯಂತ್ರದ ಹಲ್ಲಿಗೆ ಅದು ಸುತ್ತಿಕೊಳ್ಳುತ್ತದೆ, ರಾಸಾಯನಿಕ ವಿಧಾನಗಳನ್ನೂ ಕೆಡಿಸುತ್ತದೆ. ಹತ್ತಿ, ಪಾಲಿಯೆಸ್ಟರ್ ಬೆರಕೆಯದೂ ಕಷ್ಟವೇ. ಬಟ್ಟೆ ಯಾವುದೆಂದು ಅವಕೆಂಪು ಬೆಳಕಿನಿಂದ ಗುರುತಿಸಿ ತಾನಾಗಿ ವಿಂಗಡಿಸುವ ದೊಡ್ಡ ಯಂತ್ರಸ್ಥಾವರವನ್ನು ಸ್ವೀಡನ್ನಿನ ಮಾಲ್ಮೋದಲ್ಲಿ ಕಟ್ಟಿದರು.

● ಜಪಾನಿನ ವಿಜ್ಞಾನಿಗಳು ಎಲೆಗೊಬ್ಬರದ ರಾಶಿಯೊಂದರಲ್ಲಿ ಕಿಣ್ವವೊಂದನ್ನು ಹುಡುಕಿದರು. ಎಲೆಯ ಮೇಣದ ಪದರ ಕರಗಿಸುವುದು ಅದರ ಸಹಜ ಕೆಲಸ. ಫ್ರಾನ್ಸಿನಲ್ಲಿ ಅದನ್ನೇ ತಿದ್ದಿ ಬಾಟಲಿಯ ಪ್ಲಾಸ್ಟಿಕ್ ತಿನ್ನುವಂತೆ ಮಾಡಿದರು. ಹತ್ತು ಗಂಟೆಯಲ್ಲಿ ಶೇ 90ರಷ್ಟು ಪ್ಲಾಸ್ಟಿಕ್ಕನ್ನು ಮೂಲ ಘಟಕಗಳಿಗೆ ಬಿಡಿಸಿದ ಫಲಿತಾಂಶ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪಾಲಿಯೆಸ್ಟರ್ ಬಟ್ಟೆಯೂ ಅದೇ ಪ್ಲಾಸ್ಟಿಕ್ ಆದ್ದರಿಂದ ಇದು ಆಸೆಯ ಸುದ್ದಿ.

● ಮೆತ್ತಗೆ, ಜೋಲುವ, ಬೇಸಿಗೆಗೆ ಹಿತವಾದ ರೇಯಾನ್ ಕುರ್ತಾ ಬರುವುದು ಮರದಿಂದ. ಮರದ ತಿರುಳನ್ನು ಕರಗಿಸಿ, ಸಣ್ಣ ತೂತುಗಳಿಂದ ಹಿಂಡಿ ನೂಲು ಎಳೆಯುತ್ತಾರೆ. ಈ ತಿರುಳಿನ ಕಥೆ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಹರಿಹರದ ಬಳಿ ತುಂಗಭದ್ರೆಯ ದಡದ ಕಾರ್ಖಾನೆಗೆ ನೀಲಗಿರಿ ಬೆಳೆದುಕೊಡಲೆಂದು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಅದಕ್ಕೆ ಸರ್ಕಾರ ಗೊತ್ತುಮಾಡಿದ್ದು ಸುಮಾರು 75,000 ಎಕರೆ ಗೋಮಾಳ, ಕುರುಚಲು ಕಾಡಿನಂಥ ಹಳ್ಳಿಗರ ಆಸರೆಯ ಭೂಮಿ. ದನಕ್ಕೆ ಮೇವಿಲ್ಲ, ಒಲೆಗೆ ಸೌದೆಯಿಲ್ಲ ಎಂದಾಗ ಜನ ಎದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ನಿಂತರು. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಗೆ ಶಿವರಾಮ ಕಾರಂತರು ಹೆಸರು ಕೊಟ್ಟರು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ಒಂದು ನೂಲಿನ ಹಿಂದೆ ಎಷ್ಟು ಎಕರೆ ನೆಲ ಇರುತ್ತದೆ ಎಂಬುದನ್ನು ಈ ನಾಡಿನ ರೈತರು ಯಾವ ವರದಿಗೂ ಮುಂಚೆ ಹೇಳಿದ್ದಾರೆ.

● ಹತ್ತಿಯೂ ಮರವೂ ಮೂಲದಲ್ಲಿ ಒಂದೇ ವಸ್ತು, ಸೆಲ್ಯುಲೋಸ್. ಹಾಗಾದರೆ ಮರ ಕಡಿಯುವ ಬದಲು ಹಳೆ ಹತ್ತಿ ಬಟ್ಟೆಯನ್ನೇ ತಿರುಳು ಮಾಡಿ ರೇಯಾನ್ ತೆಗೆಯಬಹುದಲ್ಲ? ತೆಗೆದಿದ್ದಾರೆ. ಸ್ವೀಡನ್ನಿನ ರಿನ್ಯೂಸೆಲ್ ಕಂಪನಿ ಸುಂಡ್ಸ್‌ವಾಲ್‌ನ ಹಳೇ ಕಾಗದದ ಕಾರ್ಖಾನೆಯಲ್ಲಿ 2022ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಶುರುಮಾಡಿತು. ತಂತ್ರಜ್ಞಾನ ಗೆದ್ದಿತು. ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿದ ಬ್ರ್ಯಾಂಡುಗಳು ಮಾತ್ರ ಸಾಕಷ್ಟು ಆರ್ಡರ್ ಕೊಡಲಿಲ್ಲ. 2024ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿಯಾಯಿತು. ಆಮೇಲೆ ಹೊಸ ಮಾಲೀಕರು ಕೊಂಡರು. ಹಳೆ ಬಟ್ಟೆಯ ತಿರುಳು ಮರದ ತಿರುಳಿಗಿಂತ ದುಬಾರಿ, ಅಷ್ಟೇ. ಆ ಹೆಚ್ಚಿನ ಬೆಲೆ ಭರಿಸಲು ಸಾಕಷ್ಟು ಮಂದಿ ಮುಂದಾಗಲಿಲ್ಲ ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತಿ ಬೇಸರದ ಭಾಗ.

● ಘಾನಾ ದೇಶದ ಅಕ್ರಾ ನಗರದ ಕಾಂಟಮಾಂಟೊ ಮಾರುಕಟ್ಟೆಗೆ ವಾರಕ್ಕೆ ಸುಮಾರು 1.5 ಕೋಟಿ ಹಳೆ ಉಡುಪು ಬರುತ್ತವೆ ಎಂದು ಅಲ್ಲಿ ಕೆಲಸ ಮಾಡುವ ಆರ್ ಫೌಂಡೇಶನ್ ಹೇಳುತ್ತದೆ. ಸುಮಾರು 55 ಕಿಲೋ ತೂಗುವ ಬೇಲುಗಳನ್ನು ‘ಕಾಯಾಯೇ’ ಎಂದು ಕರೆಯುವ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಇಕ್ಕಟ್ಟಿನ ಓಣಿಗಳಲ್ಲಿ ಸಾಗಿಸುತ್ತಾರೆ. ವ್ಯಾಪಾರಿ ಬೇಲನ್ನು ಬಿಚ್ಚಿ ನೋಡದೆ ದುಡ್ಡು ಕೊಟ್ಟು ಕೊಳ್ಳಬೇಕು. ಒಳಗೆ ಒಳ್ಳೆಯ ಮಾಲಿದ್ದರೆ ಅದೃಷ್ಟ, ಕೊಳೆತದ್ದಿದ್ದರೆ ಸಾಲ. 2025ರ ಹೊಸ ವರ್ಷದ ಮೊದಲ ರಾತ್ರಿಯೇ ಅಲ್ಲಿ ಬೆಂಕಿ ಬಿದ್ದು ಮಾರುಕಟ್ಟೆಯ ಬಹುಭಾಗ ಸುಟ್ಟುಹೋಯಿತು. ಹಳೆ ಬಟ್ಟೆಗೆ ಘಾನಾದ ಆಡುಮಾತಿನಲ್ಲಿ ‘ಸತ್ತ ಬಿಳಿಯನ ಬಟ್ಟೆ’ ಎಂದೇ ಹೆಸರು. ಬದುಕಿರುವವರು ಇಷ್ಟೊಂದು ಬಟ್ಟೆ ಬಿಟ್ಟುಕೊಡುವುದುಂಟೇ ಎಂಬ ಭಾವ.

● ಚಿಲಿಯ ಅಟಕಾಮಾ ಜಗತ್ತಿನ ಅತಿ ಒಣ ಮರುಭೂಮಿಗಳಲ್ಲೊಂದು. ಇಕಿಕೆ ಬಂದರಿಗೆ ಬಂದು ಮಾರಾಟವಾಗದೆ ಉಳಿದ ಬಟ್ಟೆ ಅಲ್ಲಿನ ಮರಳಿನಲ್ಲಿ ಗುಡ್ಡೆಗಟ್ಟಿದೆ. ಮಳೆಯೇ ಇಲ್ಲದ ಕಡೆ ಏನು ಕೊಳೆತೀತು?

● ರುವಾಂಡ 2016ರಲ್ಲಿ ಹಳೆ ಬಟ್ಟೆಯ ಆಮದು ಸುಂಕವನ್ನು ಕಿಲೋಗೆ 20 ಸೆಂಟ್‌ನಿಂದ 2.50 ಡಾಲರ್‌ಗೆ ಏರಿಸಿತು. ತನ್ನ ದೇಶದ ಹೊಲಿಗೆಯವರು ಬದುಕಲಿ ಎಂಬ ಉದ್ದೇಶ. ಇದಕ್ಕೆ ಪ್ರತಿಯಾಗಿ ಅಮೆರಿಕ 2018ರಲ್ಲಿ ರುವಾಂಡದ ಉಡುಪುಗಳಿಗೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನು ತಡೆಹಿಡಿಯಿತು. ಉಟ್ಟು ಬಿಟ್ಟ ಬಟ್ಟೆ ತೆಗೆದುಕೊಳ್ಳಲು ಒಲ್ಲೆ ಎನ್ನುವುದಕ್ಕೂ ಬಡ ದೇಶಕ್ಕೆ ದಂಡ ಬೀಳುತ್ತದೆ.

● ಬ್ರಿಟನ್ನಿನ ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಹೊಸ ಮಾಲನ್ನು ನಾಶಪಡಿಸಿದ್ದು 2018ರಲ್ಲಿ ಬಯಲಾಯಿತು. ಅಗ್ಗಕ್ಕೆ ಮಾರಿದರೆ ಹೆಸರಿನ ಬೆಲೆ ಇಳಿದೀತೆಂಬ ಭಯ. ಜನ ಛೀಮಾರಿ ಹಾಕಿದ ಮೇಲೆ ಆ ಪದ್ಧತಿ ಬಿಡುವುದಾಗಿ ಅದೇ ವರ್ಷ ಕಂಪನಿ ಹೇಳಿತು.

● ಫ್ರಾನ್ಸಿನಲ್ಲಿ ಮಾರಾಟವಾಗದ ಬಟ್ಟೆ ಸುಡುವುದು 2022ರಿಂದ ನಿಷಿದ್ಧ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿ 1ರಿಂದ ಹಳೆ ಬಟ್ಟೆಯನ್ನು ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಬಟ್ಟೆ ಮಾರಿದವರೇ ಅದರ ಕೊನೆಗಾಲದ ಖರ್ಚಿಗೂ ಹಣ ಕೊಡಬೇಕೆಂಬ ಕಾನೂನನ್ನು ಫ್ರಾನ್ಸ್ 2007ರಲ್ಲೇ ತಂದಿತ್ತು. ಅಮೆರಿಕದ ರಾಜ್ಯಗಳಲ್ಲಿ ಇಂಥದಕ್ಕೆ ಮೊದಲು ಸಹಿ ಬಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, 2024ರಲ್ಲಿ.

ಫ್ರಾನ್ಸಿನ ಇನ್ನೊಂದು ಯೋಜನೆ ನನಗೆ ಬಹಳ ಹಿಡಿಸಿದೆ. ಹರಿದ ಅಂಗಿ, ಸವೆದ ಚಪ್ಪಲಿ ರಿಪೇರಿ ಮಾಡಿಸಿದರೆ 6ರಿಂದ 25 ಯೂರೋವರೆಗೆ ಬಿಲ್ಲಿನಲ್ಲೇ ಕಡಿತ ಕೊಡುವುದನ್ನು ಅಲ್ಲಿ 2023ರ ನವೆಂಬರಿನಲ್ಲಿ ಶುರುಮಾಡಿದರು. ನಮ್ಮಲ್ಲಿ ಮರದ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಜಿಪ್ಪು ಬದಲಿಸಿ, ಸೊಂಟ ಬಿಡಿಸಿ, ಕಾಲರ್ ತಿರುಗಿಸಿ ಕೊಡುವ ಟೈಲರ್‌ಗಳು ಇನ್ನೂ ಇದ್ದಾರೆ. ಅವರು ಪರಿಸರದ ಕೆಲಸ ಮಾಡುತ್ತಿದ್ದಾರೆಂದು ಯಾವ ಸರ್ಕಾರಿ ಕಡತವೂ ಹೇಳುವುದಿಲ್ಲ. ಅವರಿಗೆ ಪಾದಚಾರಿ ಮಾರ್ಗದಲ್ಲಿ ಆರಡಿ ಜಾಗ ಖಾತ್ರಿ ಮಾಡಿಕೊಟ್ಟರೂ ದೊಡ್ಡ ಉಪಕಾರ.

● ಬೌದ್ಧರ ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದವರು ಬುದ್ಧನ ಶಿಷ್ಯ ಆನಂದನಿಗೆ 500 ಚೀವರ, ಅಂದರೆ ಭಿಕ್ಷುಗಳು ಉಡುವ ವಸ್ತ್ರ, ದಾನ ಕೊಟ್ಟರು. ಅಷ್ಟೊಂದು ಬಟ್ಟೆ ಸನ್ಯಾಸಿಗೆ ಏಕೆ ಎಂದು ರಾಜನಿಗೆ ಅಸಮಾಧಾನವಾಗಿ ವಿಚಾರಿಸಿದ. ಹರಿದ ಚೀವರ ಇರುವ ಭಿಕ್ಷುಗಳಿಗೆ ಹಂಚುತ್ತೇನೆಂದ ಆನಂದ. ಹರಿದವನ್ನು? ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಯ ಹೊದಿಕೆ. ಅದರ ಹಳೆಯದು? ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಹೊಡೆಯುವ ಬಟ್ಟೆ. ಅದೂ ಚಿಂದಿಯಾದ ಮೇಲೆ? ಕುಟ್ಟಿ ಮಣ್ಣಿಗೆ ಬೆರೆಸಿ ನೆಲಕ್ಕೆ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ. ಈಗ ‘ಸರ್ಕ್ಯುಲರ್ ಫ್ಯಾಷನ್’ ಎನ್ನುತ್ತಾರಲ್ಲ, ಅದರ ಇಷ್ಟು ಪೂರ್ತಿಯಾದ ವಿವರಣೆಯನ್ನು ನಾನು ಬೇರೆಲ್ಲೂ ಓದಿಲ್ಲ.

● ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಆನಂದನ ಉತ್ತರ ಹೊಸದೆನಿಸದು. ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಅಂಗಿ ಎಲ್ಲ ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿಗೆ ಹಾಕಿದರೆ ಚಳಿಗೆ ಹೊದಿಕೆ, ಬಾಣಂತಿಗೆ ಹಾಸಿಗೆ. ಊರೂರು ತಿರುಗುತ್ತ ಮನೆಬಾಗಿಲಲ್ಲೇ ಕುಳಿತು ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಇದ್ದರು. ಬಂಗಾಳದ ಕಾಂಥಾಕ್ಕೆ ಹಳೆ ಸೀರೆಯ ಅಂಚಿನಿಂದ ಎಳೆದ ಬಣ್ಣದ ದಾರವೇ ಹೊಲಿಗೆಯ ನೂಲು.

● ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಕೌದಿ ಈಗ ಹೊರದೇಶದ ಕಲಾ ಪ್ರದರ್ಶನಗಳಲ್ಲೂ ಕಾಣುತ್ತದೆ. ಇವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಮೂಲೆಗೂ ತ್ರಿಕೋನಾಕಾರದ ತುಂಡು ಮಡಿಚಿ ಹೂವಿನಂತೆ ಕೂರಿಸುತ್ತಾರೆ. ಆ ಹೂವಿಲ್ಲದೆ ಕೌದಿ ಮುಗಿಯಿತೆನ್ನುವಂತಿಲ್ಲ. ಕೆಲಸಕ್ಕೆ ಬರುವ ವಸ್ತುವಿಗೂ ಚೆಂದ ಬೇಕೆಂದು ಪಟ್ಟುಹಿಡಿದ ಜನ ಇವರು.

● ‘ಹಳೇ ಬಟ್ಟೆಗೆ ಪಾತ್ರೆ’ ಎಂದು ಕೂಗುತ್ತ ಬರುತ್ತಿದ್ದವರು ನೆನಪಿರಬೇಕು. ನಾಲ್ಕು ಪ್ಯಾಂಟು, ಎರಡು ಸೀರೆ ಕೊಟ್ಟರೆ ಒಂದು ಸ್ಟೀಲ್ ಡಬ್ಬಿ. ಇನ್ನೊಂದು ಅಂಗಿ ಸೇರಿಸಿ ಎಂದು ಅವರು, ಮುಚ್ಚಳವೂ ಕೊಡಿ ಎಂದು ಇವರು. ದೆಹಲಿಯಲ್ಲಿ ಈ ವ್ಯಾಪಾರ ನಡೆಸುವವರು ಹೆಚ್ಚಾಗಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು. ಅಲ್ಲಿನ ರಘುಬೀರ್ ನಗರದಲ್ಲಿ ಬೆಳಕು ಹರಿಯುವ ಮೊದಲೇ ಹಳೆ ಬಟ್ಟೆಯ ಸಂತೆ ನೆರೆಯುತ್ತದೆ. ಕೊಂಡವರು ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಮತ್ತೆ ಮಾರುತ್ತಾರೆ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ನೂರಿನ್ನೂರು ರೂಪಾಯಿಗೆ ಒಳ್ಳೆಯ ಅಂಗಿ ಕೊಳ್ಳುವ ಕೂಲಿಯವರ ಹಿಂದೆಯೂ ಇಂಥದೇ ಸರಪಳಿ ಇರುತ್ತದೆ.

● ಹಳೆ ರೇಷ್ಮೆ ಸೀರೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾಕಿದ್ದಾರೆ ಗೊತ್ತೇ? ಜರಿಗಾಗಿ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಅಂಚು ಕತ್ತರಿಸಿ ಕರಗಿಸಿದರೆ ಬೆಳ್ಳಿ ಸಿಗುತ್ತದೆ. ಬೆಳ್ಳಿಯ ದರ ಗೊತ್ತಿಲ್ಲದೆ ಸೀರೆ ಕೊಡಬೇಡಿ.

● ರೇಷ್ಮೆ ಬಿಚ್ಚಣಿಕೆಯಲ್ಲಿ ಉಳಿಯುವ ಕಡಿದ ಎಳೆಯೂ ವ್ಯರ್ಥವಲ್ಲ. ಅದನ್ನು ಹತ್ತಿಯಂತೆ ಬಾಚಿ ನೂಲುವುದಕ್ಕೆಂದೇ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಕಟ್ಟಿದರು.

● ದೆಹಲಿಯ ‘ಗೂಂಜ್’ ಸಂಸ್ಥೆಯನ್ನು 1999ರಲ್ಲಿ ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳೆ ಬಟ್ಟೆಯನ್ನು ಅವರು ದಾನವೆಂದು ಹಂಚುವುದಿಲ್ಲ. ಹಳ್ಳಿಯವರು ಸೇರಿ ಬಾವಿ ತೋಡಿದರೆ, ರಸ್ತೆ ರಿಪೇರಿ ಮಾಡಿದರೆ ಅದಕ್ಕೆ ಗೌರವದ ಪ್ರತಿಫಲವಾಗಿ ಬಟ್ಟೆ ಸಿಗುತ್ತದೆ. ಉಡಲು ಬಾರದ ಹತ್ತಿ ಬಟ್ಟೆ ಮುಟ್ಟಿನ ದಿನಗಳ ಪ್ಯಾಡ್ ಆಗುತ್ತದೆ.

● ಕೊನೆಯದಾಗಿ, ಕೊಡುವಾಗ ಪಾಲಿಸಬೇಕಾದ ನಾಲ್ಕು ಮಾತು. ಬಟ್ಟೆ ಒಗೆದು, ಚೆನ್ನಾಗಿ ಒಣಗಿಸಿ ಕೊಡಿ. ಒಂದೇ ಒಂದು ಒದ್ದೆ ಅಂಗಿ ಇದ್ದರೂ ಇಡೀ ಮೂಟೆ ಬೂಸ್ಟು ಹಿಡಿದು ಕಸಕ್ಕೆ ಹೋಗುತ್ತದೆ. ಉಡಬಹುದಾದದ್ದು ಬೇರೆ, ಹರಿದದ್ದು ಬೇರೆ ಕಟ್ಟಿ. ಹರಿದದ್ದರಲ್ಲಿ ಅಪ್ಪಟ ಹತ್ತಿಯನ್ನು ಬೇರೆ ಇಟ್ಟರೆ ವಿಂಗಡಿಸುವವರ ಅರ್ಧ ಕೆಲಸ ಉಳಿಯುತ್ತದೆ. ಜೇಬು, ಗುಂಡಿ ನೋಡಿ. ಒಂದು ಗುಂಡಿ ಹೋಗಿದ್ದರೆ ಹಚ್ಚಿ ಕೊಡಿ, ಅದನ್ನು ತೊಡುವವರೂ ಕನ್ನಡಿ ಮುಂದೆ ನಿಲ್ಲುತ್ತಾರೆ. ಇನ್ನು ಹೊಸದು ಕೊಳ್ಳುವಾಗ ಕೊರಳಿನ ಒಳಗಿನ ಸಣ್ಣ ಚೀಟಿ ತಿರುಗಿಸಿ ಓದಿ: ಒಂದೇ ಬಗೆಯ ನೂಲಿನದಾದರೆ ಅದನ್ನು ಮುಂದೆ ಮತ್ತೆ ನೂಲಾಗಿಸುವುದು ಸುಲಭ.